ಕರೆದಾಗ ಬಂದ ರಕ್ಕಸ ಮಗ



ದೊಡ್ಡಾಟವನ್ನು ಬೆಳಗಿನವರೆಗೆ ಕೂತು ನೋಡಿದ ಹಿರಿಯರಿಗೆ ಒಂದು ಗಳಿಗೆ ಚೆನ್ನಾಗಿ ನೆನಪಿರುತ್ತದೆ. ಸುಗ್ಗಿ ಮುಗಿದ ಕಾಲ. ಊರ ಮುಂದಿನ ಬಯಲಿನಲ್ಲಿ ಅಟ್ಟ ಕಟ್ಟಿದೆ. ನಡುರಾತ್ರಿ ದಾಟಿದೆ. ಮಕ್ಕಳು ಕೌದಿ ಹೊದ್ದು ತಾಯಂದಿರ ತೊಡೆಯ ಮೇಲೆ ತೂಕಡಿಸುತ್ತಿದ್ದಾರೆ. ಅಷ್ಟರಲ್ಲಿ ಮದ್ದಳೆಯ ನಡೆ ಬದಲಾಗುತ್ತದೆ. ಪರದೆಯ ಹಿಂದಿನಿಂದ ಆರ್ಭಟ ಏಳುತ್ತದೆ. ಮುಖಕ್ಕೆ ಗಾಢ ಬಣ್ಣ ಬಳಿದುಕೊಂಡ, ದಪ್ಪ ಮೀಸೆಯ ರಕ್ಕಸ ಪಾತ್ರ ಅಟ್ಟ ನಡುಗುವಂತೆ ಕುಣಿದು ಬರುತ್ತದೆ. ಮಲಗಿದ್ದ ಮಕ್ಕಳೆಲ್ಲ ಎದ್ದು ಕೂರುತ್ತಾರೆ. ಹೆದರಿಕೆಯೂ ಉಂಟು, ಕಣ್ಣು ಕೀಳಲಾಗದ ಆಸೆಯೂ ಉಂಟು. ಮರುದಿನ ಓಣಿಯಲ್ಲಿ ಆಟ ಕಟ್ಟುವ ಹುಡುಗರಲ್ಲಿ ಧರ್ಮರಾಯನಾಗಲು ಯಾರೂ ಮುಂದೆ ಬರುವುದಿಲ್ಲ. ರಕ್ಕಸನಾಗಲು ಮಾತ್ರ ಜಗಳ.

ಆ ಹುಡುಗರ ಮೊಮ್ಮಕ್ಕಳ ಕೈಯಲ್ಲಿ ಇಂದು ಬಣ್ಣದ ಚಿತ್ರಕಥೆಯ ಪುಸ್ತಕಗಳಿವೆ, ಮೊಬೈಲ್ ಫೋನುಗಳಿವೆ. ಅವುಗಳಲ್ಲಿ ಬರುವ ಒಂದು ಬಗೆಯ ನಾಯಕ ತಂದೆತಾಯಂದಿರಿಗೆ ಒಗಟಾಗಿದ್ದಾನೆ. ತಲೆಯ ಮೇಲೆ ಕೊಂಬು, ಮೈಯಲ್ಲಿ ಬೆಂಕಿ, ನರಕದಿಂದ ಪಡೆದ ಬಲ. ಆದರೂ ಕಥೆಯ ನಾಯಕ ಅವನೇ, ದುರ್ಬಲರನ್ನು ಕಾಯುವವನೂ ಅವನೇ. ದೆವ್ವದ ಬಲದಿಂದ ಒಳ್ಳೆಯ ಕೆಲಸ ಆಗುವುದುಂಟೆ, ಇಂಥ ಕಥೆ ಓದಿದ ಮಕ್ಕಳು ಏನು ಕಲಿಯುತ್ತಾರೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಅದರ ಅರ್ಧ ಉತ್ತರ ಅಮೆರಿಕದ ಪುಸ್ತಕದ ಅಂಗಡಿಗಳಲ್ಲಿದೆ. ಉಳಿದ ಅರ್ಧ ಇಲ್ಲಿಯ ಬಯಲಾಟದ ಅಟ್ಟದ ಮೇಲೆಯೇ ಇದೆ.

1972ರ ಮೂವರು

ಮೊದಲು ಅಮೆರಿಕದ ಸಂಗತಿ ನೋಡೋಣ. ಎರಡನೆಯ ಮಹಾಯುದ್ಧದ ನಂತರ ಆ ದೇಶದಲ್ಲಿ ಭಯಾನಕ ಚಿತ್ರಕಥೆಗಳು ಬಹಳವಾಗಿ ಮಾರಾಟವಾಗುತ್ತಿದ್ದವು. ಇವು ಮಕ್ಕಳನ್ನು ಕೆಡಿಸುತ್ತವೆ ಎಂದು ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯ 1954ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅದೇ ವರ್ಷ ಅಲ್ಲಿನ ಸೆನೆಟ್‌ನ ಉಪಸಮಿತಿಯೊಂದು ವಿಚಾರಣೆ ನಡೆಸಿತು. ಸರ್ಕಾರ ಕಾನೂನು ತರುವುದಕ್ಕೆ ಮುಂಚೆಯೇ ಪ್ರಕಾಶಕರು ತಾವಾಗಿ ಸೇರಿ ಒಂದು ನೀತಿ ಸಂಹಿತೆಯನ್ನು ಮಾಡಿಕೊಂಡರು. ರಕ್ತ ಹೀರುವ ಪಿಶಾಚಿ, ತೋಳನಾಗಿ ಮಾರ್ಪಡುವ ಮನುಷ್ಯ, ನಡೆದಾಡುವ ಹೆಣ ಇವೆಲ್ಲ ಚಿತ್ರಕಥೆಗಳಿಂದ ಹೊರಬಿದ್ದವು. ಸಂಹಿತೆಯ ಮೊಹರು ಇಲ್ಲದ ಪುಸ್ತಕಗಳಿಗೆ ಮಾರುಕಟ್ಟೆಯಲ್ಲಿ ಜಾಗ ಸಿಗುವುದು ಕಷ್ಟವಾಯಿತು.

1971ರಲ್ಲಿ ಈ ಸಂಹಿತೆಯನ್ನು ಸಡಿಲಿಸಲಾಯಿತು. ಹದಿನೇಳು ವರ್ಷ ಕಟ್ಟಿ ನಿಲ್ಲಿಸಿದ್ದ ನೀರು ಒಮ್ಮೆಲೇ ನುಗ್ಗಿದಂತಾಯಿತು. ಮರುವರ್ಷವೇ, ಅಂದರೆ 1972ರಲ್ಲಿ, ಜ್ಯಾಕ್ ಕರ್ಬಿ ಎಂಬ ಹೆಸರಾಂತ ಕಲಾವಿದ ‘ಎಟ್ರಿಗನ್’ ಎಂಬ ಪಾತ್ರವನ್ನು ಸೃಷ್ಟಿಸಿದ. ಎಟ್ರಿಗನ್ ಹಳದಿ ಚರ್ಮದ, ಕೊಂಬುಳ್ಳ ದೈತ್ಯ. ಮರ್ಲಿನ್ ಎಂಬ ಪುರಾತನ ಮಾಂತ್ರಿಕ ಅವನನ್ನು ಒಬ್ಬ ಮನುಷ್ಯನ ರೂಪಕ್ಕೆ ಕಟ್ಟಿಹಾಕಿದ್ದಾನೆ. ಸಂಕಟ ಬಂದಾಗ ಆ ಮನುಷ್ಯನೊಳಗಿಂದ ದೈತ್ಯ ಎದ್ದು ಬರುತ್ತಾನೆ. ಅದೇ ವರ್ಷ ಮಾರ್ವೆಲ್ ಸಂಸ್ಥೆಯ ‘ಘೋಸ್ಟ್ ರೈಡರ್’ ಬಂದ. ಇವನು ಮೋಟಾರ್ ಸೈಕಲ್ ಮೇಲೆ ಸಾಹಸ ತೋರಿಸುವ ಯುವಕ. ತನ್ನನ್ನು ಸಾಕಿದವನ ಪ್ರಾಣ ಉಳಿಸಲು ಸೈತಾನನೊಡನೆ ಒಪ್ಪಂದ ಮಾಡಿಕೊಂಡು, ಉರಿಯುವ ತಲೆಬುರುಡೆಯ ರೂಪ ಪಡೆದವನು. ಅಮೆರಿಕದ ಸಂಹಿತೆಗೂ ಜಪಾನಿಗೂ ಸಂಬಂಧವಿಲ್ಲ. ಆದರೂ 1972ರಲ್ಲೇ ಅಲ್ಲಿ ಗೋ ನಾಗಾಯ್ ಎಂಬ ಚಿತ್ರಕಾರ ‘ಡೆವಿಲ್‌ಮ್ಯಾನ್’ ಕಥೆಯನ್ನು ಆರಂಭಿಸಿದ. ದೈತ್ಯರನ್ನು ಎದುರಿಸಲು ತಾನೇ ಒಬ್ಬ ದೈತ್ಯನನ್ನು ಮೈಮೇಲೆ ತಂದುಕೊಂಡ ಮೃದು ಸ್ವಭಾವದ ಹುಡುಗನ ಕಥೆ ಅದು.

ಇಪ್ಪತ್ತೊಂದು ವರ್ಷದ ನಂತರ, 1993ರಲ್ಲಿ, ಮೈಕ್ ಮಿನೋಲಾ ಸೃಷ್ಟಿಸಿದ ‘ಹೆಲ್‌ಬಾಯ್’ ಕಾಣಿಸಿಕೊಂಡ. ನಾಜಿಗಳ ಮಾಟದ ಫಲವಾಗಿ 1944ರಲ್ಲಿ ಭೂಮಿಗೆ ಬಂದ ದೈತ್ಯ ಶಿಶು ಇವನು. ಆದರೆ ಅವನನ್ನು ಎತ್ತಿ ಬೆಳೆಸಿದವರು ನಾಜಿಗಳ ಎದುರಾಳಿಗಳು. ಬೆಳೆದ ಮೇಲೆ ಅವನು ತನ್ನ ಕೊಂಬುಗಳನ್ನು ತಾನೇ ಮೋಟು ಮಾಡಿಕೊಳ್ಳುತ್ತಾನೆ. ಲೋಕವನ್ನು ನಾಶ ಮಾಡಲು ಹುಟ್ಟಿದವನು ಎಂದು ಎಲ್ಲರೂ ಹೇಳುತ್ತಿರುವಾಗ, ಆ ಕೆಲಸ ತನಗೆ ಬೇಡ ಎನ್ನುತ್ತಾನೆ.

ಈ ನಾಲ್ಕು ಕಥೆಗಳ ಹೊರ ಅಬ್ಬರವನ್ನು ಬದಿಗಿಟ್ಟರೆ ಒಳಗೆ ಉಳಿಯುವುದು ಮೂರು ಪ್ರಶ್ನೆಗಳು. ಈ ಬಲ ಎಲ್ಲಿಂದ ಬಂತು? ಅದರ ಹಿಡಿತ ಯಾರ ಕೈಯಲ್ಲಿದೆ? ಅದಕ್ಕೆ ಬೆಲೆ ತೆರುವವರು ಯಾರು? ಈ ಮೂರನ್ನೂ ನೆನಪಿನಲ್ಲಿಟ್ಟುಕೊಂಡು ಈಗ ಭಾರತಕ್ಕೆ ಬರಬಹುದು.

ಬೇತಾಳನ ಹೆಸರು ಹೊತ್ತು ಬಂದವನು

ಭಾರತದಲ್ಲಿ ಚಿತ್ರಕಥೆಯ ವಿದೇಶಿ ನಾಯಕರಿಗೆ ಮನೆಮನೆಯ ಬಾಗಿಲು ತೆರೆದದ್ದು ಇಂದ್ರಜಾಲ ಕಾಮಿಕ್ಸ್. ಟೈಮ್ಸ್ ಆಫ್ ಇಂಡಿಯಾ ಬಳಗ 1964ರಲ್ಲಿ ಆರಂಭಿಸಿದ ಈ ಮಾಲೆಯ ಮುಖ್ಯ ನಾಯಕ ಫ್ಯಾಂಟಮ್. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ಪಾತ್ರಕ್ಕೆ ಯಾವ ಅತಿಮಾನುಷ ಶಕ್ತಿಯೂ ಇಲ್ಲ. ಮುಖವಾಡ ತೊಟ್ಟ ಮನುಷ್ಯ, ಅಷ್ಟೆ. ಆದರೆ ಹಿಂದಿ ಓದುಗರಿಗೆ ಅವನನ್ನು ಪರಿಚಯಿಸುವಾಗ ಇಟ್ಟ ಹೆಸರು ‘ವೇತಾಳ’. ದೆವ್ವವಲ್ಲದ ನಾಯಕ ಭಾರತಕ್ಕೆ ಬರಲು ದೆವ್ವದ ಹೆಸರು ಹೊತ್ತುಕೊಳ್ಳಬೇಕಾಯಿತು ಎಂಬುದು ತಮಾಷೆಯಾಗಿ ಕಂಡರೂ ಅದರಲ್ಲಿ ಅರ್ಥವಿದೆ. ಇಲ್ಲಿಯ ಓದುಗರು ವೇತಾಳ ಎಂದರೆ ಹೆದರಿ ಪುಸ್ತಕ ಮುಚ್ಚುವವರಲ್ಲ ಎಂಬುದು ಪ್ರಕಾಶಕರಿಗೆ ಗೊತ್ತಿತ್ತು.

ಗೊತ್ತಿರಲು ಕಾರಣವೂ ಇದೆ. 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾಗಿ ಮರುವರ್ಷ ಕನ್ನಡಕ್ಕೂ ಬಂದ ‘ಚಂದಮಾಮ’ದಲ್ಲಿ ತಲೆಮಾರುಗಳ ಮಕ್ಕಳು ವಿಕ್ರಮ ಮತ್ತು ಬೇತಾಳನ ಕಥೆ ಓದಿದ್ದರು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದ ರಾಜನ ಆ ಚಿತ್ರವನ್ನು ಬರೆದವರು 2020ರಲ್ಲಿ ತೀರಿಕೊಂಡ ಕಲಾವಿದ ಶಂಕರ್. ಆ ಕಥೆಗಳಲ್ಲಿ ನ್ಯಾಯದ ಪ್ರಶ್ನೆ ಕೇಳುವವನು ರಾಜನಲ್ಲ, ಬೇತಾಳ. 2013ರ ಹೊತ್ತಿಗೆ ‘ಚಂದಮಾಮ’ ನಿಂತುಹೋಯಿತು. ಬೇತಾಳನ ಪ್ರಶ್ನೆಗಳು ಮಾತ್ರ ಮನೆಮಾತಾಗಿ ಉಳಿದವು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ‘ಅಮರ ಚಿತ್ರಕಥೆ’ ಮಾಲೆಯಂತೂ ಮಹಾಭಾರತದ ಪಾತ್ರಗಳನ್ನೇ ಚೌಕಗಳೊಳಗೆ ತಂದು ನಿಲ್ಲಿಸಿತು.

ಆ ಪಾತ್ರಗಳಲ್ಲಿ ಒಬ್ಬನಿಗೆ ಎಟ್ರಿಗನ್, ಹೆಲ್‌ಬಾಯ್ ಇಬ್ಬರೂ ತಮ್ಮಂದಿರಾಗಬೇಕು. ಅವನೇ ಘಟೋತ್ಕಚ.

ಹುಟ್ಟಿದ ದಿನವೇ ಕೊಟ್ಟ ಮಾತು

ಅರಗಿನ ಮನೆಯಿಂದ ಪಾರಾದ ಪಾಂಡವರು ಕಾಡಿನಲ್ಲಿ ಅಲೆಯುತ್ತಿದ್ದಾಗ ಭೀಮ ಹಿಡಿಂಬನೆಂಬ ರಕ್ಕಸನನ್ನು ಕೊಂದು, ಅವನ ತಂಗಿ ಹಿಡಿಂಬೆಯನ್ನು ಕುಂತಿಯ ಒಪ್ಪಿಗೆಯಿಂದ ಮದುವೆಯಾದ ಕಥೆ ಎಲ್ಲರಿಗೂ ಗೊತ್ತು. ಒಪ್ಪಿಗೆಗೆ ಒಂದು ಷರತ್ತು ಇತ್ತು. ಮಗ ಹುಟ್ಟುವವರೆಗೆ ಮಾತ್ರ ಭೀಮ ಆಕೆಯ ಜೊತೆ ಇರಬೇಕು. ಹಗಲೆಲ್ಲ ಆಕೆಯೊಡನೆ ಸುತ್ತಾಡಿ, ರಾತ್ರಿಗೆ ಅಣ್ಣತಮ್ಮಂದಿರ ಬಳಿ ಮರಳಬೇಕು. ಮಗ ಹುಟ್ಟಿದ, ಹುಟ್ಟಿದ ಕೂಡಲೇ ಬೆಳೆದು ನಿಂತ. ತಲೆ ಕೊಡದಂತೆ ಇದ್ದು, ಕೂದಲಿಲ್ಲದ್ದರಿಂದ ಘಟೋತ್ಕಚ ಎಂಬ ಹೆಸರಾಯಿತು. ತಂದೆಯ ಕಡೆಯವರು ಮುಂದಕ್ಕೆ ಹೊರಟರು, ತಾಯಿ ಮಗ ಕಾಡಿನಲ್ಲೇ ಉಳಿದರು. ಹೊರಡುವಾಗ ಮಗ ಒಂದು ಮಾತು ಕೊಟ್ಟ. ನೆನೆದಾಗ ಬರುತ್ತೇನೆ ಎಂದ.

ಆ ಮಾತನ್ನು ಅವನು ತಪ್ಪಲಿಲ್ಲ. ವನವಾಸದಲ್ಲಿ ಗಂಧಮಾದನ ಪರ್ವತ ಹತ್ತುವಾಗ ದ್ರೌಪದಿ ಬಳಲಿ ಬಿದ್ದಳು. ಭೀಮ ಮಗನನ್ನು ನೆನೆದ. ಘಟೋತ್ಕಚ ತನ್ನ ಪರಿವಾರದ ರಕ್ಕಸರೊಡನೆ ಬಂದು ಮಲತಾಯಿಯನ್ನು ತಾನೇ ಹೊತ್ತ. ಉಳಿದವರನ್ನು ಅವನ ಜೊತೆಗಾರರು ಹೊತ್ತರು. ಕೆಲಸ ಮುಗಿಯಿತು, ಮತ್ತೆ ಕಾಡಿಗೆ ಹೋದ. ಇಂದ್ರಪ್ರಸ್ಥದ ಅರಮನೆಯಲ್ಲಿ ಅವನಿಗೊಂದು ಕೋಣೆ ಇತ್ತೆಂದು ಕಥೆ ಹೇಳುವುದಿಲ್ಲ.

ವ್ಯಾಸಭಾರತದ ಆದಿಪರ್ವದಲ್ಲಿ ಇನ್ನೊಂದು ಮಾತು ಬರುತ್ತದೆ. ಕರ್ಣನ ಬಳಿ ಇರಲಿರುವ ಶಕ್ತ್ಯಾಯುಧಕ್ಕೆ ಎದುರಾಳಿಯಾಗಲೆಂದೇ ಇಂದ್ರ ಈ ಘಟೋತ್ಕಚನನ್ನು ಸೃಷ್ಟಿಸಿದ ಎಂದು. ಎಂದರೆ ಅವನು ಹುಟ್ಟಿದ್ದೇ ಇನ್ನೊಬ್ಬರ ಪ್ರಾಣ ಉಳಿಸಿ ಸಾಯುವುದಕ್ಕಾಗಿ. ಚಿತ್ರಕಥೆಯ ಮೊದಲ ಎರಡು ಪ್ರಶ್ನೆಗಳಿಗೆ ಇಲ್ಲೇ ಉತ್ತರ ಸಿಕ್ಕಿತು. ಬಲ ತಾಯಿಯ ಕಡೆಯಿಂದ ಬಂದದ್ದು. ಹಿಡಿತ ತಂದೆಯ ಕಡೆಯವರದ್ದು.

ರಕ್ಕಸ ಯಾರು?

ಈ ಪಾತ್ರದ ಸಂಕಟವನ್ನು ಬಹಳ ಹಿಂದೆಯೇ ಕಂಡವರು ಸಂಸ್ಕೃತದ ನಾಟಕಕಾರರು. ಟಿ. ಗಣಪತಿ ಶಾಸ್ತ್ರಿಗಳು ಕೇರಳದಲ್ಲಿ ಹಸ್ತಪ್ರತಿಗಳನ್ನು ಪತ್ತೆಹಚ್ಚಿ 1912ರಿಂದ ಪ್ರಕಟಿಸಿದ, ಭಾಸನವು ಎನ್ನಲಾಗುವ ಹದಿಮೂರು ನಾಟಕಗಳಲ್ಲಿ ಎರಡರಲ್ಲಿ ಘಟೋತ್ಕಚನೇ ಮುಖ್ಯ ಪಾತ್ರ.

‘ಮಧ್ಯಮವ್ಯಾಯೋಗ’ದಲ್ಲಿ ತಾಯಿಯ ಪಾರಣೆಗಾಗಿ ನರಾಹಾರ ತರಲು ಹೊರಟ ಘಟೋತ್ಕಚ ಒಂದು ಬಡ ಬ್ರಾಹ್ಮಣ ಕುಟುಂಬವನ್ನು ತಡೆಯುತ್ತಾನೆ. ಮೂವರು ಗಂಡುಮಕ್ಕಳಲ್ಲಿ ಹಿರಿಯನನ್ನು ತಂದೆ ಬಿಟ್ಟುಕೊಡಲಾರ, ಕಿರಿಯನನ್ನು ತಾಯಿ ಬಿಟ್ಟುಕೊಡಲಾರಳು. ನಡುವಿನವನು ತಾನೇ ಮುಂದೆ ಬರುತ್ತಾನೆ. ನೀರು ಕುಡಿಯಲು ಹೋದ ಆ ಹುಡುಗ ತಡಮಾಡಿದಾಗ ಘಟೋತ್ಕಚ ‘ಮಧ್ಯಮ’ ಎಂದು ಕೂಗುತ್ತಾನೆ. ಆ ಕೂಗಿಗೆ ಓಗೊಟ್ಟು ಬರುವವನು ಕುಂತಿಯ ಮಕ್ಕಳಲ್ಲಿ ನಡುವಿನವನಾದ ಭೀಮ. ತಂದೆಯೂ, ತಂದೆಯ ಗುರುತಿಲ್ಲದ ಮಗನೂ ಹೊಡೆದಾಡುತ್ತಾರೆ. ಗುರುತು ಹಿಡಿಯುವವಳು ಹಿಡಿಂಬೆ. ಗಂಡನನ್ನು ಮತ್ತೆ ಕಾಣಲೆಂದೇ ಆಕೆ ಈ ಉಪಾಯ ಹೂಡಿದ್ದಳು ಎಂಬುದು ಕೊನೆಯಲ್ಲಿ ತಿಳಿಯುತ್ತದೆ.

‘ದೂತಘಟೋತ್ಕಚ’ ಇನ್ನೂ ಹರಿತವಾದ ನಾಟಕ. ಅಭಿಮನ್ಯು ಸತ್ತ ಮೇಲೆ ಕೃಷ್ಣನ ದೂತನಾಗಿ ಘಟೋತ್ಕಚ ಕೌರವರ ಸಭೆಗೆ ಬರುತ್ತಾನೆ. ಅಲ್ಲಿ ಅವನ ಹುಟ್ಟನ್ನೂ ಉಗ್ರ ಸ್ವಭಾವವನ್ನೂ ಎತ್ತಿ ಮಾತು ಬರುತ್ತದೆ. ಅವನು ಕೊಡುವ ಉತ್ತರದ ಸಾರ ಇಷ್ಟು. ರಕ್ಕಸರು ಮಲಗಿರುವ ಸೋದರರನ್ನು ಅರಗಿನ ಮನೆಯಲ್ಲಿಟ್ಟು ಸುಡುವುದಿಲ್ಲ. ಸೋದರನ ಹೆಂಡತಿಯ ತಲೆಗೂದಲಿಗೆ ಕೈ ಹಾಕುವುದಿಲ್ಲ. ಆದ್ದರಿಂದ ಕ್ರೌರ್ಯದಲ್ಲಿ ನೀವು ರಕ್ಕಸರನ್ನೂ ಮೀರಿದವರು. ಹುಟ್ಟಿನಿಂದ ರಕ್ಕಸನಾದವನು ನಡತೆಯಿಂದ ರಕ್ಕಸರಾದವರಿಗೆ ಹೇಳಿದ ಮಾತು ಇದು. ಹೆಲ್‌ಬಾಯ್ ಕೊಂಬು ಮೋಟು ಮಾಡಿಕೊಂಡು ಹೇಳಬೇಕಾದದ್ದನ್ನು ಘಟೋತ್ಕಚ ತುಂಬಿದ ಸಭೆಯಲ್ಲಿ ಬಾಯಿಬಿಟ್ಟು ಹೇಳಿದ್ದ.

ದೊಡ್ಡಾಟದ ರಕ್ಕಸನಿಗೂ ಇಂಥದೇ ಒಂದು ಅವಕಾಶ ಇದೆ ಎಂಬುದನ್ನು ಇಲ್ಲಿ ನೆನೆಯಬೇಕು. ಪಾತ್ರ ಅಟ್ಟಕ್ಕೆ ಬಂದ ಕೂಡಲೇ ಸಾರಥಿ ಅದನ್ನು ತಡೆದು ನೀವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳುತ್ತಾನೆ. ರಾಜನಿಗೂ ಅದೇ ಪ್ರಶ್ನೆ, ರಕ್ಕಸನಿಗೂ ಅದೇ ಪ್ರಶ್ನೆ. ಪುರಾಣದಲ್ಲಿ ರಕ್ಕಸ ಎಂಥವನು ಎಂದು ಬೇರೆಯವರು ಹೇಳುತ್ತಾರೆ. ಬಯಲಾಟದಲ್ಲಿ ಅವನು ತನ್ನ ಹೆಸರನ್ನು ತನ್ನ ಬಾಯಿಂದಲೇ ಹೇಳಿಕೊಳ್ಳುತ್ತಾನೆ.

ಆ ರಾತ್ರಿಯ ಕಾಳಗ

ಮೂರನೆಯ ಪ್ರಶ್ನೆ ಬೆಲೆಯದ್ದು. ಅದಕ್ಕೆ ಉತ್ತರ ದ್ರೋಣಪರ್ವದಲ್ಲಿದೆ.

ಕುರುಕ್ಷೇತ್ರದ ಹದಿನಾಲ್ಕನೆಯ ದಿನ ಸೂರ್ಯ ಮುಳುಗಿದರೂ ಯುದ್ಧ ನಿಲ್ಲಲಿಲ್ಲ. ಕತ್ತಲಲ್ಲಿ ರಕ್ಕಸರ ಬಲ ಹೆಚ್ಚು. ಕರ್ಣನ ಎದುರಿಗೆ ಹೋಗಲು ಕೃಷ್ಣ ಘಟೋತ್ಕಚನನ್ನು ಕರೆದ. ಕವಚ ಕುಂಡಲಗಳನ್ನು ಕೊಟ್ಟು ಇಂದ್ರನಿಂದ ಪಡೆದ ಶಕ್ತ್ಯಾಯುಧ ಕರ್ಣನ ಬಳಿ ಇತ್ತು. ಅದನ್ನು ಒಮ್ಮೆ ಮಾತ್ರ ಬಳಸಬಹುದು. ಅರ್ಜುನನಿಗೆಂದು ಅವನು ಅದನ್ನು ಕಾದಿಟ್ಟಿದ್ದ. ಘಟೋತ್ಕಚನ ಮಾಯಾಯುದ್ಧಕ್ಕೆ ಕೌರವ ಸೇನೆ ತತ್ತರಿಸಿತು. ಈಗಲೇ ಅದನ್ನು ಪ್ರಯೋಗಿಸು, ಇಲ್ಲದಿದ್ದರೆ ಬೆಳಗಿನ ಹೊತ್ತಿಗೆ ಯಾರೂ ಉಳಿಯುವುದಿಲ್ಲ ಎಂದು ಅವರೆಲ್ಲ ಕರ್ಣನನ್ನು ಒತ್ತಾಯಿಸಿದರು. ಕರ್ಣ ಬೇರೆ ದಾರಿ ಕಾಣದೆ ಪ್ರಯೋಗಿಸಿದ. ಎದೆ ಸೀಳಿಸಿಕೊಂಡು ಬೀಳುವಾಗಲೂ ಘಟೋತ್ಕಚ ತನ್ನ ಮೈಯನ್ನು ಬೆಟ್ಟದಂತೆ ಬೆಳೆಸಿ, ಒಂದು ಅಕ್ಷೌಹಿಣಿ ಶತ್ರು ಸೇನೆಯ ಮೇಲೆ ಬಿದ್ದು ಅದನ್ನು ಅಪ್ಪಚ್ಚಿ ಮಾಡಿದ. ಸಾವಿನಲ್ಲೂ ತಂದೆಯ ಕಡೆಯವರಿಗೆ ಕೆಲಸಕ್ಕೆ ಬಂದ.

ಪಾಂಡವರ ಕಡೆಯವರೆಲ್ಲ ಅಳುತ್ತಿದ್ದಾಗ ಕೃಷ್ಣ ಮಾತ್ರ ಹಿಗ್ಗಿ ಕುಣಿದ. ಬೆರಗಾದ ಅರ್ಜುನ ಕಾರಣ ಕೇಳಿದ. ಶಕ್ತ್ಯಾಯುಧ ಖರ್ಚಾಯಿತು, ಇನ್ನು ಕರ್ಣನನ್ನು ಗೆಲ್ಲಬಹುದು ಎಂಬುದು ಮೊದಲ ಕಾರಣ. ಇದು ಯುದ್ಧದ ಲೆಕ್ಕಾಚಾರ, ಅರ್ಥವಾಗುತ್ತದೆ. ಎರಡನೆಯ ಮಾತು ಇನ್ನೂ ಕಠಿಣ. ಕರ್ಣ ಇವನನ್ನು ಕೊಲ್ಲದಿದ್ದರೆ ಮುಂದೆ ತಾನೇ ಕೊಲ್ಲಬೇಕಾಗುತ್ತಿತ್ತು, ಏಕೆಂದರೆ ಇವನು ಯಜ್ಞಗಳ ಮತ್ತು ಬ್ರಾಹ್ಮಣರ ವಿರೋಧಿ ಎಂದು ಕೃಷ್ಣ ಹೇಳುತ್ತಾನೆ. ವಿದ್ವಾಂಸರು ಈ ಮಾತಿಗೆ ಹಲವು ಬಗೆಯ ವ್ಯಾಖ್ಯಾನ ಕೊಟ್ಟಿದ್ದಾರೆ. ಆದರೆ ಸಾಮಾನ್ಯ ಓದುಗನಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಯುದ್ಧಕ್ಕೆ ಬೇಕಾದವನು ಯುದ್ಧ ಮುಗಿದ ಮೇಲಿನ ಲೋಕಕ್ಕೆ ಬೇಡವಾಗಿದ್ದ.

ಮಹಾಭಾರತದ ದೊಡ್ಡತನವೆಂದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಧರ್ಮರಾಯನ ಶೋಕವನ್ನೂ ಅದು ಹೇಳುತ್ತದೆ. ಕಾಡಿನಲ್ಲಿ ಈ ಹುಡುಗ ತಮ್ಮನ್ನು ಹೊತ್ತದ್ದನ್ನು, ಬಳಲಿದ ದ್ರೌಪದಿಯನ್ನು ಕಾಪಾಡಿದ್ದನ್ನು ಅವನು ಒಂದೊಂದಾಗಿ ನೆನೆಯುತ್ತಾನೆ. ತಡೆಯಲಾಗದೆ ತಾನೇ ಕರ್ಣನ ಮೇಲೆ ಏರಿ ಹೋಗಲು ಹೊರಡುತ್ತಾನೆ. ವ್ಯಾಸರು ಅಡ್ಡ ಬಂದು ಸಮಾಧಾನ ಹೇಳಬೇಕಾಗುತ್ತದೆ. ಒಬ್ಬನು ಲಾಭದ ಲೆಕ್ಕ ಹಾಕಿದ, ಇನ್ನೊಬ್ಬನು ಉಪಕಾರದ ಲೆಕ್ಕ ಹಾಕಿದ. ಕಥೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟಿದೆ.

ಕಥೆ ಕೇಳಿದವರು ಕೊಟ್ಟ ತೀರ್ಪು

ಕೃಷ್ಣ ಹೇಳಿದ ಆ ಮಾತಿನ ನಂತರವೂ ಜನ ಘಟೋತ್ಕಚನನ್ನು ಬಿಟ್ಟುಕೊಡಲಿಲ್ಲ. ಹಿಮಾಚಲದ ಮನಾಲಿಯಲ್ಲಿ ಹಿಡಿಂಬೆಗೆ 1553ರಲ್ಲಿ ಕಟ್ಟಿದ ಮರದ ಗುಡಿ ಇದೆ. ಹತ್ತಿರದಲ್ಲೇ ಒಂದು ಮರದ ಬುಡದಲ್ಲಿ ಮಗನಿಗೂ ಪೂಜೆ ಸಲ್ಲುತ್ತದೆ. ಜಾವಾ ದ್ವೀಪದಲ್ಲಿ 12ನೆಯ ಶತಮಾನದ ಕವಿ ಂಪು ಪನುಲುಃ ‘ಘಟೋತ್ಕಚಾಶ್ರಯ’ ಎಂಬ ಕಾವ್ಯವನ್ನೇ ಬರೆದ. ತಮ್ಮನಾದ ಅಭಿಮನ್ಯುವಿನ ಮದುವೆಗೆ ಘಟೋತ್ಕಚ ನೆರವಾದ ಕಥೆ ಅದು. ಅಲ್ಲಿಯ ತೊಗಲು ಗೊಂಬೆಯಾಟದಲ್ಲಿ ಅವನು ತಂತಿಯಂಥ ನರ, ಕಬ್ಬಿಣದಂಥ ಎಲುಬು ಉಳ್ಳ, ಆಕಾಶದಲ್ಲಿ ಹಾರಬಲ್ಲ ರಾಜಕುಮಾರ. ಇಂಡೊನೇಷ್ಯಾ ತಾನೇ ವಿನ್ಯಾಸ ಮಾಡಿದ ಎನ್-250 ವಿಮಾನ 1995ರಲ್ಲಿ ಮೊದಲ ಬಾರಿ ಹಾರಿದಾಗ ಅದಕ್ಕೆ ಇಟ್ಟಿದ್ದ ಹೆಸರು ಘಟೋತ್ಕಚ. 2022ರಲ್ಲಿ ಅವನನ್ನು ಇಂದಿನ ಕಾಲದ ಚಿತ್ರಕಥೆಯ ನಾಯಕನಂತೆ ತೋರಿಸುವ ಸಿನಿಮಾ ಕೂಡ ಅಲ್ಲಿ ಬಂತು.

ಭಾರತದಲ್ಲೂ ಇದೇ ಬಗೆಯ ಒಂದು ಕಥೆ ಬೆಳೆಯಿತು. ಅಭಿಮನ್ಯುವಿಗೂ ಶಶಿರೇಖೆಗೂ ಮದುವೆ ಮಾಡಿಸಲು ಘಟೋತ್ಕಚ ತಾನೇ ಮದುವಣಗಿತ್ತಿಯ ರೂಪ ತಾಳುವ ಪ್ರಸಂಗ ವ್ಯಾಸಭಾರತದಲ್ಲಿಲ್ಲ. ಅದು ಜನ ಕಟ್ಟಿಕೊಂಡದ್ದು. ಕೆ.ವಿ. ರೆಡ್ಡಿ ಅವರು 1957ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ತೆಗೆದ ‘ಮಾಯಾಬಜಾರ್’ ಚಿತ್ರದಲ್ಲಿ ಎಸ್.ವಿ. ರಂಗರಾವ್ ಆ ಪಾತ್ರ ವಹಿಸಿದರು. ಅದನ್ನು ನೋಡಿದವರು ಆ ರಕ್ಕಸನನ್ನು ನೆನೆದು ಹೆದರುವುದಿಲ್ಲ, ನಗುತ್ತಾರೆ. ಮನೆಯ ಮದುವೆಗೆ ಓಡಾಡುವ ಹಿರಿಯಣ್ಣನನ್ನು ನೆನೆದಂತೆ ನೆನೆಯುತ್ತಾರೆ.

ಕನ್ನಡದಲ್ಲಿ ಇನ್ನೂ ಸೂಕ್ಷ್ಮವಾದ ಕೆಲಸ ಮಾಡಿದವನು ‘ಜೈಮಿನಿ ಭಾರತ’ದ ಲಕ್ಷ್ಮೀಶ. ಈ ಕವಿಯ ದೇವಪುರ ಯಾವುದು ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಅದು ಕಡೂರು ಸೀಮೆಯ ದೇವನೂರು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಸುರಪುರದ ದೇವಾಪುರವೇ ಅದು ಎಂದು ಈ ಭಾಗದವರು ವಾದಿಸುತ್ತಾರೆ. ಆ ವಾದ ಏನೇ ಇರಲಿ, ಜೈಮಿನಿಯ ವಾರ್ಧಕ ಷಟ್ಪದಿಯನ್ನು ರಾಗವಾಗಿ ಓದಿ ಅರ್ಥ ಹೇಳಿಸಿಕೊಂಡ ಮನೆಗಳು ಕನ್ನಡ ನಾಡಿನ ತುಂಬ ಇದ್ದವು.

ಆ ಕಾವ್ಯ ಆರಂಭವಾಗುವಾಗ ಯುದ್ಧ ಮುಗಿದಿದೆ. ಅಶ್ವಮೇಧಕ್ಕೆ ತಕ್ಕ ಕುದುರೆ ಬೇಕು. ಅದು ಭದ್ರಾವತಿಯ ಯೌವನಾಶ್ವನ ಬಳಿ ಇದೆ. ತರಲು ಭೀಮ ಹೊರಡುತ್ತಾನೆ. ಅವನ ಜೊತೆಗೆ ಹೋಗುವ ಇಬ್ಬರು ಹುಡುಗರು ಯಾರು ಎಂಬುದನ್ನು ಗಮನಿಸಬೇಕು. ಒಬ್ಬ ವೃಷಕೇತು, ಕರ್ಣನ ಮಗ. ಇನ್ನೊಬ್ಬ ಮೇಘನಾದ, ಘಟೋತ್ಕಚನ ಮಗ. ಕೊಂದವನ ಮಗನೂ ಕೊಲೆಯಾದವನ ಮಗನೂ ಒಂದೇ ದಾರಿಯಲ್ಲಿ, ಒಂದೇ ಕೆಲಸಕ್ಕೆ, ಒಬ್ಬ ಅಜ್ಜನ ಎಡಬಲಕ್ಕೆ ನಡೆಯುತ್ತಾರೆ. ಮೇಘನಾದ ತನ್ನ ಮಾಯೆಯಿಂದ ಕತ್ತಲೆ ಕವಿಸಿ ಕುದುರೆಯನ್ನು ಆಕಾಶಕ್ಕೆ ಎತ್ತಿಕೊಂಡು ಹೋಗುತ್ತಾನೆ. ರಕ್ಕಸ ವಿದ್ಯೆ ಯಜ್ಞದ ಕೆಲಸಕ್ಕೆ ಬಂತು! ಯಾವ ಬಲವನ್ನು ಯಜ್ಞಕ್ಕೆ ವಿರೋಧಿ ಎಂದು ದ್ರೋಣಪರ್ವದಲ್ಲಿ ಹೇಳಲಾಯಿತೋ ಅದೇ ಬಲ ಇಲ್ಲಿ ಯಜ್ಞದ ಕುದುರೆಯನ್ನು ತಂದುಕೊಟ್ಟಿತು. ಈ ಕಥೆಯ ಮೂಲ ಸಂಸ್ಕೃತದ ಜೈಮಿನಿಯಲ್ಲಿದೆ, ನಿಜ. ಆದರೆ ಅದನ್ನು ಆರಿಸಿ, ಕನ್ನಡದ ಬಾಯಿಗಳಲ್ಲಿ ನೆಲೆಗೊಳಿಸಿದವನು ಲಕ್ಷ್ಮೀಶ.

ಯಾದಗಿರಿ ಹತ್ತಿರದ ಮೈಲಾಪುರದಲ್ಲಿ ಸಂಕ್ರಾಂತಿಗೆ ಸೇರುವ ಮೈಲಾರಲಿಂಗನ ಜಾತ್ರೆಯಲ್ಲೂ ಇದೇ ಭಾವನೆಯ ಒಂದು ಎಳೆ ಇದೆ. ಮೈಲಾರ ಸಂಹರಿಸಿದ್ದು ಮಣಿ ಮತ್ತು ಮಲ್ಲ ಎಂಬ ದೈತ್ಯ ಸೋದರರನ್ನು. ಈ ದೇವರ ಪುರಾಣದ ಒಂದು ಪಾಠದಂತೆ ಮಣಿ ಸಾಯುವಾಗ ಪಶ್ಚಾತ್ತಾಪಪಟ್ಟು, ದೇವರ ಸನ್ನಿಧಿಯಲ್ಲೇ ಇರುವ ವರ ಬೇಡಿದ. ಅದು ಅವನಿಗೆ ಸಿಕ್ಕಿತು. ದೈತ್ಯನನ್ನು ಗೆದ್ದ ಮೇಲೆ ಅವನಿಗೊಂದು ಜಾಗ ಕೊಡಬೇಕು ಎಂಬುದು ಜನಪದರ ನ್ಯಾಯ.

ಹೆಗಲು ಕೊಟ್ಟವರ ಹೆಸರು

ಹೀಗಾಗಿ ಚಿತ್ರಕಥೆಯ ಕೊಂಬಿನ ನಾಯಕನನ್ನು ಕಂಡು ಹೌಹಾರಬೇಕಾದ ಅಗತ್ಯ ಸಗರನಾಡಿನವರಿಗೆ ಇಲ್ಲ. ಅವನ ಹಿರಿಯಣ್ಣ ಇಲ್ಲಿಯ ಅಟ್ಟದ ಮೇಲೆ ಕುಣಿದು ಹೋಗಿದ್ದಾನೆ. ಎಲ್ಲ ಚಿತ್ರಕಥೆಗಳೂ ಎಲ್ಲ ವಯಸ್ಸಿನವರಿಗೂ ತಕ್ಕವು ಎಂದು ಇದರ ಅರ್ಥವಲ್ಲ. ‘ಡೆವಿಲ್‌ಮ್ಯಾನ್’ನಂಥ ಕಥೆಯ ಹಿಂಸೆ ಎಳೆಯರಿಗೆ ಹೇಳಿದ್ದಲ್ಲ. ಅದನ್ನು ನೋಡಿಕೊಳ್ಳುವುದು ದೊಡ್ಡವರ ಹೊಣೆ. ಆದರೆ ಕೊಂಬು ಇದೆ ಎಂಬ ಒಂದೇ ಕಾರಣಕ್ಕೆ ಪುಸ್ತಕ ಕಿತ್ತುಕೊಂಡರೆ, ಅದರ ಒಳಗಿನ ಒಳ್ಳೆಯ ಪ್ರಶ್ನೆಯನ್ನೂ ಕಿತ್ತುಕೊಂಡಂತೆ.

ಆ ಪ್ರಶ್ನೆ ಸಗರನಾಡಿಗೆ ಬರೀ ಪುಸ್ತಕದ್ದಲ್ಲ. ಮಳೆ ಕೈಕೊಟ್ಟ ವರ್ಷ ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಜನ ಗುಳೆ ಹೊರಡುತ್ತಾರೆ. ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿನಲ್ಲಿ ಏಳುವ ಎತ್ತರದ ಕಟ್ಟಡಗಳಿಗೆ ಕಲ್ಲು, ಮಣ್ಣು, ಸಿಮೆಂಟು ಹೊರುವ ಹೆಗಲುಗಳಲ್ಲಿ ಈ ನಾಡಿನ ಹೆಗಲುಗಳೂ ಇವೆ. ಕೆಲಸ ಇರುವಾಗ ಕರೆ ಬರುತ್ತದೆ. ಕಟ್ಟಡ ಮುಗಿದ ಮೇಲೆ ಬಾಗಿಲಲ್ಲಿ ನಿಂತ ಕಾವಲುಗಾರ ಅದೇ ಮನುಷ್ಯನನ್ನು ಒಳಗೆ ಬಿಡುವುದಿಲ್ಲ. ಹಳ್ಳಿಯಲ್ಲಿ ಅಜ್ಜಿಯ ಬಳಿ ಉಳಿದ ಮಗುವಿಗೆ ಘಟೋತ್ಕಚನ ಕಥೆ ಹೇಳಿದರೆ, ಕರೆದಾಗ ಹೋಗಿ ಹೊತ್ತು ಮರಳಿ ಬರುವವನು ಯಾರೆಂದು ಅದಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಅದು ತನ್ನ ಅಪ್ಪನನ್ನು ಕಂಡಿದೆ.

ಆದ್ದರಿಂದ ತಂದೆತಾಯಂದಿರಲ್ಲಿ, ಶಾಲೆಯ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಮಗು ಚಿತ್ರಕಥೆ ಓದಿ ಮುಗಿಸಿದಾಗ, ನಾಯಕನಿಗೆ ಎಷ್ಟು ಬಲವಿತ್ತು, ಎಷ್ಟು ಜನರನ್ನು ಹೊಡೆದ ಎಂದಷ್ಟೇ ಕೇಳಬೇಡಿ. ಗೆದ್ದ ಮೇಲೆ ಅವನನ್ನು ಯಾರಾದರೂ ಊಟಕ್ಕೆ ಕರೆದರೆ ಎಂದು ಕೇಳಿ. ಧರ್ಮರಾಯ ಆ ರಾತ್ರಿ ಮಾಡಿದ್ದು ಇಂಥ ಲೆಕ್ಕವನ್ನೇ. ಹೊತ್ತವರು ಯಾರು, ಯಾವಾಗ ಹೊತ್ತರು ಎಂದು ಅವನು ಹೆಸರು ಹಿಡಿದು ನೆನೆದ.